ಪುಟಕ್ಕೆ ಕಟ್ಟಿದ ಮುಖಗಳು

ಸಂಘದ ಕಬ್ಬಿಣದ ಕಪಾಟು ತೆರೆದಾಗ ಮೊದಲು ಮೂಗಿಗೆ ತಾಗಿದ್ದು ಕಾಗದದ ವಾಸನೆಯಲ್ಲ, ಕೌದಿಯ ವಾಸನೆ. ಹಳೆಯ ಸೀರೆಗಳನ್ನು ಪದರದ ಮೇಲೆ ಪದರ ಇಟ್ಟು ಹೊಲಿದ ಹೊದಿಕೆಗೆ ಒಲೆಯ ಹೊಗೆಯೂ ಮಳೆಯ ಮುಗ್ಗೂ ಸೇರಿದರೆ ಬರುವ ವಾಸನೆ ಅದು. ಇಪ್ಪತ್ತು ವರ್ಷ ಕಬ್ಬಿಣದೊಳಗೆ ಮುಚ್ಚಿಟ್ಟರೂ ಹೋಗಿರಲಿಲ್ಲ. ನಾನು ಹುಡುಕಿಕೊಂಡು ಹೋದದ್ದು ಒಂದು ಸಿಡಿಯನ್ನು. ಅದು ಕೌದಿಯ ಮಡಿಕೆಯೊಳಗೇ ಇತ್ತು. ಅಲ್ಲಿ ಇಟ್ಟವನು ನಾನು. ಎಲ್ಲಿಟ್ಟೆನೋ ಮರೆತೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದವನೂ ನಾನೇ.

ಹುಡುಕುವಂತೆ ಮಾಡಿದ್ದು ಸಂಘದ ಸ್ಮರಣ ಸಂಚಿಕೆ. ಅದರ ಕರಡನ್ನು ತಿದ್ದಲು ನನಗೆ ಕೊಟ್ಟಿದ್ದರು. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರ ಸಂಘವೊಂದು ಮಾಡಿದ್ದನ್ನೂ ಮಾಡದ್ದನ್ನೂ ಒಟ್ಟಿಗೆ ಹೇಳಿಕೊಳ್ಳುವ ಇಂಥ ಸಂಚಿಕೆಗಳಲ್ಲಿ ಕಾಗುಣಿತ ತಿದ್ದುವುದಷ್ಟೇ ನನ್ನ ಕೆಲಸ. ನಡುವೆ ಒಂದು ವಾಕ್ಯ ಬಂತು: ‘ಆ ವರ್ಷದ ಮಳೆಗಾಲದಲ್ಲಿ ಗೋಡೆ ಕುಸಿದಾಗ ಸಂಘವು ಒದಗಿಸಿದ ಕಾರ್ಮಿಕರ ಪಟ್ಟಿಯು, ಅಂದು ಬಳಕೆಯಲ್ಲಿದ್ದ ಉಚಿತ ತಂತ್ರಾಂಶದ ದೋಷದಿಂದ ಅಸ್ತವ್ಯಸ್ತಗೊಂಡು ಕೆಲವು ಕುಟುಂಬಗಳಿಗೆ ತೊಂದರೆಯಾಯಿತು.’ ವಾಕ್ಯದಲ್ಲಿ ಕಾಗುಣಿತದ ತಪ್ಪಿರಲಿಲ್ಲ. ಪೆನ್ನು ಮುಂದೆ ಸರಿಯಲಿಲ್ಲ.

ನಾನು ಏಳನೆಯ ಜಮಾತಿಗೆ ಶಾಲೆ ಬಿಟ್ಟವನು. ನನ್ನ ವಿದ್ಯೆಯೆಲ್ಲ ಅಚ್ಚಿನ ಮನೆಯಲ್ಲಿ ನಿಂತು, ತಲೆಕೆಳಗಾದ ಸೀಸದ ಮೊಳೆಗಳನ್ನು ಓದುತ್ತ ಗಳಿಸಿದ್ದು. ಮೂವತ್ತು ವರ್ಷ ಮೊಳೆ ಜೋಡಿಸಿದೆ. ಅಚ್ಚಿನ ಮನೆಗಳು ಮುಚ್ಚಿದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಅದನ್ನೂ ಯಾರ ಪಾಠವೂ ಇಲ್ಲದೆ ಕಲಿತೆ. ಆ ಕಸುಬಿನಿಂದ ಒಂದು ಗುಣ ಅಂಟಿಕೊಂಡಿತು. ಅಚ್ಚಾಗಿದೆ ಎಂಬ ಕಾರಣಕ್ಕೆ ಯಾವುದನ್ನೂ ನಂಬುವುದಿಲ್ಲ. ಅಚ್ಚಾಗುವ ಮೊದಲು ಒಂದು ಮಾತು ಎಷ್ಟು ಕೈಗಳಲ್ಲಿ ಕೆಡುತ್ತದೆಂದು ಕಂಡವನು ನಾನು. ಜನ ಹೇಳಿದ್ದನ್ನಂತೂ ಕೇಳಿದ ದಿನವೇ ಪರೀಕ್ಷಿಸುತ್ತಿದ್ದೆ. ಹೀಗಿದ್ದವನು ಈ ಒಂದು ಮಾತನ್ನು ಮಾತ್ರ ಯಾಕೆ ಪರೀಕ್ಷಿಸಲಿಲ್ಲ? ಉತ್ತರ ನನಗೆ ಗೊತ್ತಿತ್ತು. ಆದರೂ ಆ ವರ್ಷವನ್ನು ಮೊದಲಿನಿಂದ ಜೋಡಿಸಿ ನೋಡಬೇಕೆನಿಸಿತು.

ಅದು ನಗರದ ಪಶ್ಚಿಮದಲ್ಲಿ ಬಂಡೆಗಳನ್ನು ಸಿಡಿಸಿ, ಆ ಜಾಗದಲ್ಲಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಕೊಂಡಾಪುರದ ರಸ್ತೆಯಲ್ಲಿ ಬಸ್ಸಿಳಿದರೆ ಹುಬ್ಬಿನ ಮೇಲೆ ಬಿಳಿಯ ಧೂಳು ಕೂರುತ್ತಿತ್ತು. ಅದೇ ರಸ್ತೆಯಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ಮೈಸೂರು, ಮಂಗಳೂರುಗಳಿಂದ ಬಂದು ಕೆಲಸಕ್ಕೆ ಸೇರುತ್ತಿದ್ದರು. ಅವರು ಕೂರಬೇಕಾದ ಮಹಡಿಗಳನ್ನು ಕಟ್ಟಲು ಯಾದಗಿರಿ, ರಾಯಚೂರು ಕಡೆಯ ಹಳ್ಳಿಗಳಿಂದ ಜನ ಬರುತ್ತಿದ್ದರು. ಇವರ ಕೊರಳಲ್ಲಿ ಯಾವ ಚೀಟಿಯೂ ಇರಲಿಲ್ಲ. ಪೊಲೀಸರು ಹಿಡಿದು ಕೇಳಿದರೆ ತೆಲುಗು ಬಾರದೆ, ಹಿಂದಿ ಬಾರದೆ, ತಾನು ಯಾರೆಂದು ಹೇಳಲಾಗದೆ ನಿಲ್ಲುತ್ತಿದ್ದರು. ಇವರ ಹೆಸರು, ಊರು, ಭಾವಚಿತ್ರಗಳ ಒಂದು ಪಟ್ಟಿ ಮಾಡಿಡೋಣವೆಂದು ಸಂಘ ತೀರ್ಮಾನಿಸಿತು. ಕೆಲಸ ನನ್ನ ಪಾಲಿಗೆ ಬಂತು.

ಸಂಘದ ಕೋಣೆಯಲ್ಲಿ ಎರಡು ಹಳೆಯ ಕಂಪ್ಯೂಟರುಗಳಿದ್ದವು. ಅವುಗಳಲ್ಲಿದ್ದ ಕಚೇರಿ ತಂತ್ರಾಂಶ, ಆಗ ಎಲ್ಲ ಕಡೆ ಇದ್ದಂತೆ, ಯಾರದೋ ಸಿಡಿಯಿಂದ ನಕಲು ಮಾಡಿದ್ದು. ಆ ಬೇಸಿಗೆಯಲ್ಲಿ ನಕಲು ತಂತ್ರಾಂಶ ಇಟ್ಟವರನ್ನು ಹಿಡಿಯುತ್ತಿದ್ದಾರೆಂಬ ಸುದ್ದಿ ಹಬ್ಬಿತು. ಕೋಠಿಯ ಒಂದು ಟೈಪಿಂಗ್ ಅಂಗಡಿಯಿಂದ ಯಂತ್ರಗಳನ್ನೇ ಹೊತ್ತುಕೊಂಡು ಹೋದರಂತೆ. ನಾನು ನಡೆದು ಹೋಗಿ ವಿಚಾರಿಸಿದೆ. ಮಗಳ ಮದುವೆಗೆಂದು ಮಾಲೀಕ ಅಂಗಡಿ ಮುಚ್ಚಿದ್ದ. ಆದರೂ ಭಯ ಭಯವೇ. ಆಗ ಸುಮನಾ ಬಂದಳು.

ಸುಮನಾ ಮಂಗಳೂರಿನ ಕಡೆಯವಳು, ಕೊಂಡಾಪುರದ ಒಂದು ಕಂಪನಿಯಲ್ಲಿ ಎಂಜಿನಿಯರು. ಭಾನುವಾರಗಳಲ್ಲಿ ಎರಡು ಬಸ್ಸು ಬದಲಿಸಿ ಸಂಘಕ್ಕೆ ಬರುತ್ತಿದ್ದಳು. ನಕಲು ಮಾಡಿದ್ದನ್ನು ತೆಗೆದು ಉಚಿತ, ಮುಕ್ತ ತಂತ್ರಾಂಶ ಹಾಕೋಣವೆಂದು ಅವಳು ಹೇಳಿದಾಗ ನಮ್ಮ ಕಾರ್ಯದರ್ಶಿ ವಸಂತರಾಯರು ಒಪ್ಪಲಿಲ್ಲ. ಅವರದು ಬೇಗಂ ಬಜಾರಿನಲ್ಲಿ ಸಗಟು ಪಾತ್ರೆಯ ಅಂಗಡಿ.

“ಪುಕ್ಕಟ ಕೊಡಾಕ ಅವರೇನು ಧರ್ಮಛತ್ರ ಇಟ್ಟಾರೇನ್ರಿ? ಏನರೆ ಮಸಲತ್ತು ಇರತೈತಿ,” ಎಂದರು.

“ಪುಕ್ಕಟೆ ಅಂತ ಅಲ್ಲ ಸರ್ ವಿಷಯ,” ಎಂದಳು ಸುಮನಾ. “ಮುಚ್ಚಳಕ್ಕೆ ಬೆಸುಗೆ ಹಾಕಿದ ಪಾತ್ರೆ ಬೇಕಾ ನಿಮಗೆ, ತೆಗೆದು ಒಳಗೆ ಎಂತ ಉಂಟು ಅಂತ ನೋಡ್ಲಿಕ್ಕೆ ಆಗುವ ಪಾತ್ರೆ ಬೇಕಾ?”

“ಬೆಸುಗಿ ಹಾಕಿದ್ದು ಸೋರೂದಿಲ್ಲ ತಾಯಿ.”

“ಸೋರಿದ್ರೆ ನಿಮಗೆ ಗೊತ್ತೇ ಆಗುದಿಲ್ಲ, ಅಷ್ಟೆ.”

ವಸಂತರಾಯರು ನಕ್ಕು ನನ್ನತ್ತ ತಿರುಗಿದರು. “ಏನಂತೀರಿ ವೀರಣ್ಣ? ನೀವು ದೇವರು ಅಂದ್ರೂ ಪುರಾವೆ ಕೇಳೋರು.”

ನಾನು ಪುರಾವೆ ಕೇಳಿದೆ. ಸುಮನಾ ಆ ತಂತ್ರಾಂಶದಲ್ಲಿ ಮಾಡಿದ ಒಂದು ಕಡತವನ್ನು ನನ್ನ ಕಣ್ಣೆದುರೇ ಬಿಚ್ಚಿದಳು, ಗಂಟು ಬಿಚ್ಚಿದಂತೆ. ಒಳಗೆ ಚಿತ್ರಗಳು ಒಂದು ಕಡೆ, ಅಕ್ಷರಗಳು ಒಂದು ಕಡೆ, ಯಾವುದು ಎಲ್ಲಿ ನಿಲ್ಲಬೇಕೆಂಬ ಗುರುತುಗಳು ಒಂದು ಕಡೆ. ಗುರುತುಗಳ ನಡುವೆ ನಾನು ಬೆರಳಚ್ಚು ಮಾಡಿದ ಕನ್ನಡದ ಸಾಲು ಹಾಗೇ ಕಂಡಿತು. ಇದನ್ನು ಕಟ್ಟಿದ ಬಗೆಯನ್ನು ಯಾರು ಬೇಕಾದರೂ ಓದುವಂತೆ ಬರೆದಿಟ್ಟಿದ್ದಾರೆ, ತಯಾರಿಸಿದವರು ಅಂಗಡಿ ಮುಚ್ಚಿದರೂ ಐವತ್ತು ವರ್ಷದ ಮೇಲೆ ಇನ್ಯಾರೋ ಇದನ್ನು ತೆರೆಯಬಹುದು ಎಂದಳು. ಆ ದಿನ ನಾನು ಸೋತೆ. ಅದು ಉಚಿತವೆಂಬುದು ನನಗೆ ಮುಖ್ಯವಾಗಲಿಲ್ಲ. ನಂಬು ಎನ್ನದೆ, ಬಿಚ್ಚಿ ನೋಡು ಎಂದ ಮೊದಲ ಯಂತ್ರ ಅದು.

ತೊಂದರೆಗಳೂ ಇದ್ದವು, ಬೇಗ ಕಂಡವು. ತೆರೆದುಕೊಳ್ಳಲು ಅದು ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಸಾಲಿನ ಕೊನೆಯಲ್ಲಿ ಒತ್ತಕ್ಷರಗಳು ಕೆಲವೊಮ್ಮೆ ಒಡೆದು ನಿಲ್ಲುತ್ತಿದ್ದವು. ಬೇರೆ ಕಚೇರಿಗಳಿಂದ ಬಂದ ಕಡತಗಳು ನಮ್ಮಲ್ಲಿ ಸೊಟ್ಟಗಾಗುತ್ತಿದ್ದವು. ನಮ್ಮವು ಅವರಲ್ಲಿ ಇನ್ನೂ ಸೊಟ್ಟಗೆ. ಏನಾದರೂ ಕೆಟ್ಟರೆ ದೂರಲು ಒಂದು ಬಾಗಿಲಿರಲಿಲ್ಲ. ವಸಂತರಾಯರು ಪ್ರತಿ ವಾರ ಇದನ್ನೆಲ್ಲ ಎತ್ತಿ ಆಡುತ್ತಿದ್ದರು: “ಊರಾಗೆಲ್ಲಾ ಒಂದು ತಕ್ಕಡಿ, ನಮ್ಮದೊಂದು ಬ್ಯಾರೆ ತಕ್ಕಡಿ.” ನಾನು ಸುಮನಾಳಿಗಿಂತ ಹೆಚ್ಚು ಹಠದಿಂದ ಅದರ ಪರ ವಾದಿಸುತ್ತಿದ್ದೆ.

ಸುಮನಾ ಎರಡು ಎಚ್ಚರಿಕೆ ಕೊಟ್ಟಿದ್ದಳು. ಹೊರಗಿನವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ. ಅದಕ್ಕೆ ಇದರಲ್ಲಿ ಒಂದೇ ಗುಂಡಿ ಉಂಟು, ಬೇರೆಯವರಲ್ಲಿ ಅದೂ ಇಲ್ಲ. ಕಲ್ಲಿನಲ್ಲಿ ಕೆತ್ತಿದ ಹಾಗೆ ಏನೂ ಅಲುಗುವುದಿಲ್ಲ. ಇನ್ನೊಂದು, ಚಿತ್ರದ ವಿಷಯ. ಪರದೆಯ ಮೇಲೆ ಒಂದು ಸಣ್ಣ ಲಂಗರಿನ ಗುರುತನ್ನು ತೋರಿಸಿ ಹೇಳಿದಳು: “ಈ ಫೋಟೋ ಯಾವುದಕ್ಕೆ ಕಟ್ಟಿದೆ ಅಂತ ಇದು ಹೇಳ್ತದೆ ಸರ್. ಪುಟಕ್ಕೆ ಕಟ್ಟಬೇಡಿ. ಆ ಮನುಷ್ಯನ ಹೆಸರಿಗೆ ಕಟ್ಟಿ. ಆಗ ಹೆಸರು ಹೋದಲ್ಲಿಗೆ ಮುಖ ಹೋಗ್ತದೆ.”

“ಸುಮನಾ, ನೀ ಹುಟ್ಟೂಕಿಂತ ಮೊದಲಿಂದ ನಾ ಚಿತ್ರದ ಬ್ಲಾಕ್ ಬಿಗದೀನಿ,” ಎಂದೆ.

ಅದು ನಿಜ. ಅಚ್ಚಿನ ಮನೆಯಲ್ಲಿ ಪುಟವೆಂದರೆ ಕಬ್ಬಿಣದ ಚೌಕಟ್ಟು. ಚಿತ್ರದ ಬ್ಲಾಕನ್ನು ಅದರೊಳಗೆ ಇಟ್ಟು, ಮರದ ತುಂಡು ತುರುಕಿ, ಬೀಗ ತಿರುಗಿಸಿದರೆ ಭೂಮಿ ನಡುಗಿದರೂ ಅದು ಅಲುಗಬಾರದು. ಅಲುಗುವ ಬ್ಲಾಕು ಕಸುಬಿಗೆ ಅವಮಾನ. ಚಿತ್ರವನ್ನು ಹೆಸರಿಗೆ ಕಟ್ಟುವುದೆಂದರೆ ನನಗೆ ಅದನ್ನು ಬೀದಿಗೆ ಬಿಟ್ಟಂತೆ ಅನಿಸಿತು. ನಾನು ಪುಟಕ್ಕೆ ಕಟ್ಟಿದೆ. ಒಂದೊಂದು ಪುಟಕ್ಕೆ ಐದು ಮುಖ, ಎಡಕ್ಕೆ. ಅವುಗಳ ಬಲಕ್ಕೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರು, ಊರು, ಮನೆಯವರ ಹೆಸರು, ಊರಿನ ಫೋನು. ಅಳತೆಪಟ್ಟಿ ಇಟ್ಟಂತೆ ನೇರವಾಗಿತ್ತು. ಮುದ್ರಿಸಿ ನೋಡಿ ಹೆಮ್ಮೆಪಟ್ಟೆ.

ಚಿತ್ರ ತೆಗೆಯಲು ಭಾನುವಾರಗಳಂದು ಕೊಂಡಾಪುರದ ತಗಡಿನ ಶೆಡ್ಡುಗಳಿಗೆ ಹೋಗುತ್ತಿದ್ದೆವು. ಒಂದು ಉದ್ದನೆಯ ಹಳೆಯ ಕಾಂಪೌಂಡ್ ಗೋಡೆಗೆ ಆನಿಸಿ ಶೆಡ್ಡುಗಳನ್ನು ಹಾಕಿದ್ದರು. ಮೊದಲ ಭಾನುವಾರದ ಐದನೆಯವನು ಮಲ್ಲಪ್ಪ, ಕಬ್ಬಿಣದ ಸರಳು ಬಗ್ಗಿಸುವವನು. ಫ್ಲಾಷ್ ಹೊಡೆದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ.

“ಕಣ್ಣ ತೆರಿಯೋ. ಪೊಲೀಸರು ಹೆಣ ಅಂತ ತಿಳೀತಾರ,” ಎಂದ ಅವನ ಹಿಂದೆ ನಿಂತಿದ್ದ ಭೀಮಣ್ಣ. ಭೀಮಣ್ಣನ ಚಿತ್ರ ಆಗಲೇ ಮುಗಿದಿತ್ತು, ಸಾಲಿನಲ್ಲಿ ನಾಲ್ಕನೆಯವನು.

“ಮಿಂಚು ಹೊಡದ್ರ ಕಣ್ ಮುಚ್ಚಬೇಕಂತ ನಮ್ಮವ್ವ ಹೇಳ್ಯಾಳ,” ಎಂದ ಮಲ್ಲಪ್ಪ. ಮೂರನೆಯ ಸಲಕ್ಕೆ ಕಣ್ಣು ಅಗಲ ಮಾಡಿ ನಿಂತ, ಬೆದರಿದವನಂತೆ ಬಂತು. ಹೆಸರು ಬರೆದುಕೊಳ್ಳುವಾಗ, “ಬರೇ ಮಲ್ಲಪ್ಪ ಅಂದ್ರ ನಮ್ಮೂರಾಗ ಆರು ಮಂದಿ ಓಡಿ ಬರ್ತಾರ್ರಿ. ಹನಮವ್ವನ ಗಂಡ ಮಲ್ಲಪ್ಪ ಅಂತ ಬರೀರಿ,” ಎಂದ. ಎಲ್ಲರೂ ನಕ್ಕರು. ನಾನು ಹಾಗೇ ಬರೆದೆ. ಆರನೆಯವನು ದೇವಿಂದ್ರ, ಅದೇ ವಾರ ಹೊಸದಾಗಿ ಬಂದವನು, ಮಾತು ಕಡಿಮೆ. ಅವನ ಮುಖ ಎರಡನೆಯ ಪುಟದ ಮೊದಲನೆಯದಾಯಿತು.

ಆ ವರ್ಷ ಮಳೆ ಬೇಗ ಬಂತು, ಬಂದದ್ದು ಬಿಡಲಿಲ್ಲ. ಬಿತ್ತನೆಗೆಂದು ಭೀಮಣ್ಣ ಊರಿಗೆ ಹೋದ. ಉಳಿದವರು ತೊಯ್ದ ಸಿಮೆಂಟಿನ ಚೀಲಗಳ ನಡುವೆ ಕೆಲಸವಿಲ್ಲದೆ ಕೂತಿದ್ದರು. ಒಂದು ಬೆಳಿಗ್ಗೆ, ಶೆಡ್ಡುಗಳಲ್ಲಿ ಒಲೆ ಹೊತ್ತಿಸುವ ಹೊತ್ತಿಗೆ, ಆ ಉದ್ದನೆಯ ಗೋಡೆ ನೀರು ಕುಡಿದು ಮಲಗಿಬಿಟ್ಟಿತು. ಗುತ್ತಿಗೆದಾರನ ಜನ ಬದುಕಿದವರನ್ನು ಮಧ್ಯಾಹ್ನದೊಳಗೆ ಲಾರಿಗಳಲ್ಲಿ ತುಂಬಿ ಇನ್ನೆಲ್ಲಿಗೋ ಸಾಗಿಸಿದರು. ಗುರುತು ಹೇಳಲು ಅಲ್ಲಿ ಒಬ್ಬರೂ ಉಳಿಯಲಿಲ್ಲ. ಆಸ್ಪತ್ರೆಗೆ ಇಬ್ಬರನ್ನು ತಂದಿದ್ದರು. ಒಬ್ಬನಿಗೆ ಪ್ರಜ್ಞೆ ಇರಲಿಲ್ಲ, ಇನ್ನೊಬ್ಬನಿಗೆ ಪ್ರಾಣವೇ ಇರಲಿಲ್ಲ.

ನಮ್ಮ ಪಟ್ಟಿಯ ಸುದ್ದಿ ತಿಳಿದು ಆಸ್ಪತ್ರೆಯ ಗುಮಾಸ್ತ ಫೋನು ಮಾಡಿದ. ಹೆಸರುಗಳ ಮುಂದೆ ವಾರ್ಡಿನ ನಂಬರು ತುಂಬಿಕೊಳ್ಳಬೇಕು, ಆದ್ದರಿಂದ ಬರೆಯಲು ಬರುವಂಥ ಕಡತವೇ ಬೇಕು ಎಂದ. ಸುಮನಾಳಿಗೆ ಫೋನು ಮಾಡಿದೆ.

“ಪಿಡಿಎಫ್ ಕೊಡಿ ಸರ್.”

“ಅವರಿಗೆ ಅದರಾಗ ಬರೀಬೇಕಂತ.”

“ಹಾಗಾದ್ರೆ ಎರಡೂ ಕೊಡಿ. ಒಂದು ಬರೀಲಿಕ್ಕೆ, ಒಂದು ತಾಳೆ ನೋಡ್ಲಿಕ್ಕೆ.”

ಎರಡು ಯಾಕೆ, ಒಂದು ಸರಿಯಿದ್ದರೆ ಸಾಕು ಎಂದುಕೊಂಡೆ. ಊರವರೆಲ್ಲ ಬಳಸುವ ತಂತ್ರಾಂಶದ ರೂಪಕ್ಕೆ ಕಡತವನ್ನು ಬದಲಿಸಿ, ಫ್ಲಾಪಿಗೆ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಳೆಯಲ್ಲಿ ಆಸ್ಪತ್ರೆಗೆ ಹೋದೆ. ಗುಮಾಸ್ತ ತನ್ನ ಯಂತ್ರದಲ್ಲಿ ತೆರೆದ. ಕನ್ನಡದ ಸಾಲುಗಳಿದ್ದಲ್ಲಿ ಖಾಲಿ ಚೌಕಗಳು ಕಂಡವು. “ಇಂಗ್ಲಿಷ್ ಉಂದಿ ಕದಾ, ಚಾಲು,” ಎಂದ. ಇಂಗ್ಲಿಷ್ ಇದೆಯಲ್ಲ, ಸಾಕು. ಮೊದಲ ಮುಖ, ಅದರ ಪಕ್ಕದ ಮೊದಲ ಹೆಸರು ನೋಡಿದೆವು, ಸರಿಯಾಗಿತ್ತು. ಇಬ್ಬರೂ ತಲೆಯಾಡಿಸಿದೆವು. ಅವನು ಮುದ್ರಣದ ಗುಂಡಿ ಒತ್ತಿದ. ನಾನು ಛತ್ರಿ ತೆಗೆದುಕೊಂಡು ಹೊರಟೆ. ವಾರ್ಡು ಒಂದು ಮಹಡಿ ಮೇಲಿತ್ತು. ಆ ಮುಖಗಳನ್ನು ಕ್ಯಾಮರಾದಲ್ಲಿ ಹಿಡಿದವನು ನಾನು. ಮೇಲೆ ಹತ್ತಿದ್ದರೆ ಒಂದು ನೋಟಕ್ಕೆ ತಿಳಿಯುತ್ತಿತ್ತು. ಹತ್ತಲಿಲ್ಲ. ಪಟ್ಟಿ ಇತ್ತಲ್ಲ.

ಆ ಯಂತ್ರದಲ್ಲಿ ಕನ್ನಡ ಇರಲಿಲ್ಲ. ನಮ್ಮಲ್ಲಿ ಒಂದು ಸಾಲಾಗಿದ್ದದ್ದು ಅಲ್ಲಿ ಅಗಲವಾದ ಚೌಕಗಳಾಗಿ ಎರಡು ಸಾಲಿಗೆ ಚಾಚಿತು. ಹೆಸರುಗಳು ಸ್ವಲ್ಪ ಸ್ವಲ್ಪವೇ ಕೆಳಗೆ ಜಾರಿದವು. ಪುಟಕ್ಕೆ ಬಿಗಿದ ಮುಖಗಳು ಜಾರಲಿಲ್ಲ. ಪುಟದ ಕೊನೆಗೆ ಬರುವ ಹೊತ್ತಿಗೆ ನಾಲ್ಕನೆಯ ಹೆಸರು ಐದನೆಯ ಮುಖದ ಪಕ್ಕಕ್ಕೆ ಬಂದಿತ್ತು. ಐದನೆಯ ಹೆಸರಿಗೆ ಜಾಗವಿಲ್ಲದೆ ಅದು ಮುಂದಿನ ಪುಟದ ತಲೆಗೆ ಹೋಗಿ, ಆರನೆಯ ಮುಖದ ಪಕ್ಕದಲ್ಲಿ ನೇರವಾಗಿ ನಿಂತಿತ್ತು. ಅಡ್ಡಾದಿಡ್ಡಿ ನಿಂತಿದ್ದರೆ ಯಾರಾದರೂ ಅನುಮಾನಿಸುತ್ತಿದ್ದರು.

ಸಂಜೆಯ ಹೊತ್ತಿಗೆ ಗುಮಾಸ್ತ ಹೆಸರು ಹೇಳಿದ: ತೀರಿಕೊಂಡವನು ಭೀಮಣ್ಣ, ವಾರ್ಡಿನಲ್ಲಿರುವವನು ಮಲ್ಲಪ್ಪ. ಭೀಮಣ್ಣ ಊರಿಗೆ ಹೋದದ್ದು ನನಗೆ ಗೊತ್ತಿತ್ತು. ತಿರುಗಿ ಬಂದಿರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಅಚ್ಚಾದದ್ದನ್ನು ನಂಬದವನು ಅಂದು ಅಚ್ಚಾದದ್ದನ್ನು ನಂಬಿದೆ, ಅದು ನನ್ನ ಕೈಯದೆಂಬ ಕಾರಣಕ್ಕೆ.

ಭೀಮಣ್ಣನ ಊರಿನ ಫೋನು ಮಳೆಗೆ ಸತ್ತಿತ್ತು. ಮಲ್ಲಪ್ಪನ ಊರಿನ ಫೋನಂಗಡಿಗೆ ಹನಮವ್ವ ಓಡಿ ಬಂದು ಏದುಸಿರು ಬಿಡುತ್ತಿದ್ದುದು ನನಗೆ ಕೇಳಿಸುತ್ತಿತ್ತು. “ಜೀವಕ್ಕ ಏನೂ ಇಲ್ಲವ್ವಾ. ಎಚ್ಚರ ಇಲ್ಲ ಅಷ್ಟ. ಬಂದುಬಿಡು,” ಎಂದೆ. ಹಳ್ಳ ತುಂಬಿ ಮರುದಿನ ಬಸ್ಸು ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿದಳೆಂದು ಅಂಗಡಿಯವನು ತಿಳಿಸಿದ. ಅದೇ ಬೆಳಿಗ್ಗೆ ಭೀಮಣ್ಣನ ಊರಿನ ಲೈನು ಬಂತು. ಭೀಮಣ್ಣನ ಮನೆಯವರನ್ನು ಕರೆಯಿರಿ ಎಂದೆ. ಬಹಳ ಹೊತ್ತಿನ ಮೇಲೆ ಯಾರೋ ಬಂದರು.

“ಹಲೋ, ಯಾರ್ರಿ?”

“ಭೀಮಣ್ಣಗ ಏನಾಗಬೇಕ್ರಿ ನೀವು?” ಎಂದೆ, ದನಿ ತಗ್ಗಿಸಿ.

“ನಾನ ಭೀಮಣ್ಣರೀ. ಬಿತ್ತಾಕತ್ತಿದ್ದೆ, ಕೂರಿಗಿ ಅಲ್ಲೇ ಬಿಟ್ಟು ಓಡಿ ಬಂದೀನಿ. ಏನಾತ್ರೀ? ಯಾರಿಗೇನಾತು?”

ಸತ್ತವನೆಂದು ನಾನು ಕರೆದವನು ಉಸಿರಾಡುತ್ತ ಉತ್ತರಕ್ಕೆ ಕಾಯುತ್ತಿದ್ದ. ನಾನು ಫೋನು ಇಟ್ಟೆ. ಭೀಮಣ್ಣನ ಹೆಸರು ಇನ್ಯಾರದೋ ಮುಖದ ಪಕ್ಕಕ್ಕೆ ಹೋಗಿದ್ದರೆ, ಮಲ್ಲಪ್ಪನ ಹೆಸರು ಎಲ್ಲಿಗೆ ಹೋಗಿರಬೇಕು? ಮೊಳೆ ಜೋಡಿಸಿದ ತಲೆಗೆ ಅದನ್ನು ಎಣಿಸಲು ಹೊತ್ತು ಹಿಡಿಯಲಿಲ್ಲ: ಸತ್ತವನು ಮಲ್ಲಪ್ಪ. ಆಗ ಗಂಟೆ ಹತ್ತು. ಬಸ್ಸು ಮಧ್ಯಾಹ್ನಕ್ಕೆ ಬರುವುದಿತ್ತು.

ಗೌಲಿಗುಡದ ಬಸ್‌ ನಿಲ್ದಾಣದಲ್ಲಿ ಅವಳನ್ನು ಗುರುತಿಸುವುದು ಕಷ್ಟವಾಗಲಿಲ್ಲ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಡಿಸಿದ ಕೌದಿ. ನನ್ನನ್ನು ನೋಡಿ ಮೊದಲು ಕೇಳಿದ್ದು ಇದು:

“ಯಣ್ಣಾ, ಮಾತಾಡ್ತಾನೇನ್ರಿ?”

ಹೇಳಲು ಅದು ಸರಿಯಾದ ಕ್ಷಣವಾಗಿತ್ತು. “ಇನ್ನೂ ಇಲ್ಲವ್ವಾ,” ಎಂದೆ.

ಆಟೋದಲ್ಲಿ ಅವಳು ದಾರಿಯುದ್ದಕ್ಕೂ ಮಾತಾಡಿದಳು. ಎರಡು ದಿನ ಅಂಜಿ ಅಂಜಿ ಈಗ ಧೈರ್ಯ ಬಂದವರ ಮಾತು. “ರೊಟ್ಟಿ ಮೆತ್ತಗ ಮಾಡೀನ್ರಿ, ನುಂಗಾಕ ಬರಬೇಕಲ್ಲ. ಶೇಂಗಾ ಹಿಂಡಿ ತಂದೀನಿ. ಅವಗ ಕೌದಿ ಹೊಚ್ಚಲಿಲ್ಲಂದ್ರ ನಿದ್ದಿ ಹತ್ತೂದಿಲ್ಲ. ಹತ್ತಿತಂದ್ರ ಮುಗೀತು, ಗ್ವಾಡಿ ಬಿದ್ರೂ ಏಳಾಂವ ಅಲ್ಲ.” ಎಂದವಳು ತಾನು ಆಡಿದ್ದು ತನಗೇ ತಿಳಿದು, ನಾಲಿಗೆ ಕಚ್ಚಿಕೊಂಡು, ನಕ್ಕಳು. ನಾನೂ ನಕ್ಕೆ. ನಕ್ಕದ್ದು ನಿಜ, ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಮತ್ತೊಂದು ಸುಳ್ಳು ಸೇರಿದಂತಾಗುತ್ತದೆ.

ವಾರ್ಡಿನಲ್ಲಿ, ಅವಳ ಗಂಡನ ಹೆಸರಿನ ಚೀಟಿ ಕಟ್ಟಿದ ಮಂಚದ ಮೇಲೆ, ದೇವಿಂದ್ರ ಮಲಗಿದ್ದ. ಹನಮವ್ವ ಗಂಟು ಇಳಿಸಿ ಬಾಗಿ ನೋಡಿದಳು. ಕಿರುಚಲಿಲ್ಲ. ಪಕ್ಕದ ಮಂಚವನ್ನೂ ಅದರಾಚೆಯದನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನು ಓದಿದಳೋ, ಮಂಚದತ್ತ ತಿರುಗಿ ಆ ಹುಡುಗನಿಗೆ ಕೌದಿ ಹೊದಿಸಿದಳು. ಪಾದ ಮುಚ್ಚುವಂತೆ ಎಳೆದಳು.

“ಇವನ ಅವ್ವಗ ಹೇಳೀರೇನು?” ಎಂದಳು.

ಹೇಳಿರಲಿಲ್ಲ. ಹೇಳಬೇಕೆಂದು ನನ್ನ ಹೊರತು ಯಾರಿಗೂ ಗೊತ್ತೇ ಇರಲಿಲ್ಲ.

“ನಮ್ಮವ ಎಲ್ಲಿ ಮಲಗ್ಯಾನ?”

ಶವಾಗಾರವಿದ್ದ ಕೆಳಗಿನ ಮಹಡಿಯತ್ತ ಕೈ ತೋರಿಸಿದೆ. ಅವಳು ಗಂಟಿನಿಂದ ಒಗೆದ ಅಂಗಿಯೊಂದನ್ನು ತೆಗೆದುಕೊಂಡು ನನಗಿಂತ ಮುಂದೆ ಮೆಟ್ಟಿಲಿಳಿದಳು. ರೊಟ್ಟಿಯ ಗಂಟು ಮೇಲೆಯೇ ಉಳಿಯಿತು, ಕೌದಿಯೂ. ಎರಡು ದಿನಕ್ಕೆ ಒಂದಿಷ್ಟು ಕಡಿಮೆ, ಅಷ್ಟು ಹೊತ್ತು ಅವಳ ಗಂಡನನ್ನು ನಾನು ಬದುಕಿಸಿಟ್ಟಿದ್ದೆ. ಅದರಲ್ಲಿ ಕೊನೆಯ ಒಂದು ಗಂಟೆಯನ್ನು ತಿಳಿದೂ ತಿಳಿದೂ.

ಮುಂದಿನ ಭಾನುವಾರ ಸಂಘದ ಸಭೆ. ವಸಂತರಾಯರು ಕೆಟ್ಟವರಲ್ಲ; ನನ್ನ ಮುಖ ನೋಡಲಾರದೆ ನನ್ನನ್ನು ಕಾಪಾಡಲು ಹೊರಟರು. “ವೀರಣ್ಣನ ಕೈಯಾಗ ತಪ್ಪು ಆಗೂದಿಲ್ಲರಿ. ಪುಕ್ಕಟ ಮಾಲು ಕೈ ಕೊಟ್ಟೈತಿ. ನಾ ಮೊದಲ ಹೇಳಿದ್ದೆ.” ಎಲ್ಲರೂ ಹೌದೆಂದರು. ಸುಮನಾ ಮಾತ್ರ ನನ್ನ ಎದುರಿಗೆ ಬಂದು ಮೆಲ್ಲಗೆ ಕೇಳಿದಳು:

“ಸರ್, ಫೋಟೋ ಯಾವುದಕ್ಕೆ ಕಟ್ಟಿದ್ರಿ? ಒಮ್ಮೆ ಕಡತ ತೆರೆದು ನೋಡುವನಾ?”

“ಕಡತ ಕೆಟ್ಟೈತಿ. ತೆರಿಯಂಗಿಲ್ಲ,” ಎಂದೆ.

ಅವಳು ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತೆಂದು ನನಗೂ ತಿಳಿಯಿತು. ಎಂಜಿನಿಯರಾಗಿ ಅವಳು ನಾಲ್ಕು ಮಾತಿನಲ್ಲಿ ನನ್ನನ್ನು ಬಯಲು ಮಾಡಬಹುದಿತ್ತು. “ಆಯ್ತು ಸರ್,” ಎಂದಷ್ಟೇ ಹೇಳಿ ತನ್ನ ಚೀಲ ತೆಗೆದುಕೊಂಡಳು. ಮತ್ತೆ ಸಂಘಕ್ಕೆ ಬರಲಿಲ್ಲ. ಉಚಿತ ತಂತ್ರಾಂಶವನ್ನು ತೆಗೆಯಬೇಕೆಂಬ ಠರಾವಿಗೆ ನಾನೂ ಕೈ ಎತ್ತಿದೆ. ಯಂತ್ರಗಳಿಗೆ ಹಳೆಯ ನಕಲು ತಿರುಗಿ ಬಂತು.

ಮಳೆ ಕಳೆದ ಮೇಲೆ ಒಂದು ದಿನ ದೇವಿಂದ್ರ ಊರುಗೋಲು ಹಿಡಿದು ಬಂದ. “ಈ ಕೌದಿ ಯಾರದ್ರಿ? ಎಚ್ಚರಾದಾಗ ನನ್ನ ಮ್ಯಾಲಿತ್ತು. ಅವರಿಗೆ ಮುಟ್ಟಿಸಬೇಕಾಗೈತಿ,” ಎಂದ. “ಬಿಟ್ಟು ಹೋಗಪಾ, ನಾ ಮುಟ್ಟಸ್ತೀನಿ,” ಎಂದೆ. ಊರಿನ ಹೆಸರು ನನಗೆ ಬಾಯಿಪಾಠವಾಗಿತ್ತು. ಅಲ್ಲಿಗೆ ಹೋಗುವ ಬಸ್ಸಿನ ಹೊತ್ತೂ ಗೊತ್ತಿತ್ತು. ಆದರೆ ಕೌದಿ ಕೊಡುವಾಗ ಅವಳು ಏನಾದರೂ ಕೇಳಿದರೆ? ಕಪಾಟಿನಲ್ಲಿಟ್ಟೆ, ಪಟ್ಟಿಯ ಮೂಲ ಕಡತವಿದ್ದ ಸಿಡಿಯನ್ನೂ ಅದರ ಮಡಿಕೆಯೊಳಗೆ ತೂರಿಸಿದೆ.

ಈಗ ಉಪ್ಪಲ್‌ನ ನನ್ನ ಮನೆಯಲ್ಲಿ ಆ ಸಿಡಿಯನ್ನು ಹಾಕಿದೆ. ನನ್ನ ಯಂತ್ರದಲ್ಲಿರುವುದು ಆ ತಂತ್ರಾಂಶದ ವಂಶಕ್ಕೇ ಸೇರಿದ ಈಗಿನದು. ಗುಟ್ಟಾಗಿ ಅದನ್ನೇ ಬಳಸುತ್ತ ಬಂದಿದ್ದೇನೆ. ಕಡತ ಒಂದು ಉಸಿರಿನಲ್ಲಿ ತೆರೆಯಿತು. ಅಂದು ಸಾಲಿನ ಕೊನೆಯಲ್ಲಿ ಒಡೆಯುತ್ತಿದ್ದ ಒತ್ತಕ್ಷರಗಳೂ ಕೂಡಿಕೊಂಡಿದ್ದವು. ಸುಮನಾ ಹೇಳಿದ್ದರಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಆಮೇಲೆ ನಕಲು ತಂತ್ರಾಂಶದಲ್ಲಿ ನಾವು ಮಾಡಿಟ್ಟ ಸದಸ್ಯರ ಪಟ್ಟಿಗಳು ಇಂದು ಯಾವ ಯಂತ್ರದಲ್ಲೂ ಅಕ್ಷರಗಳಾಗಿ ಕಾಣುವುದಿಲ್ಲ. ಅವನ್ನು ಓದಲು ಬೇಕಾದ ಹಳೆಯ ಫಾಂಟೇ ಕಳೆದುಹೋಗಿದೆ. ಕೆಟ್ಟಿದೆ ಎಂದು ನಾನು ಸಾರಿದ ಕಡತ ಮಾತ್ರ ಹಾಗೇ ಇದೆ.

ಮಲ್ಲಪ್ಪನ ಮುಖದ ಮೇಲೆ ಒತ್ತಿದೆ. ಆ ಸಣ್ಣ ಲಂಗರು ಅವನ ಹೆಸರಿನ ಬಳಿ ಕಾಣಲಿಲ್ಲ. ದೂರದಲ್ಲಿ, ಪುಟದ ತುದಿಯ ಮೂಲೆಯಲ್ಲಿತ್ತು. ದೇವಿಂದ್ರನದೂ ಅಲ್ಲೇ. ಒಂದೊಂದಾಗಿ ಎಲ್ಲರದನ್ನೂ ಒತ್ತಿದೆ, ಎಲ್ಲವೂ ಅಲ್ಲೇ. ಆಸ್ಪತ್ರೆಯ ಯಂತ್ರದಲ್ಲಿ ಕನ್ನಡವಿಲ್ಲದ್ದು ನಿಜ. ಎರಡು ತಂತ್ರಾಂಶಗಳು ಪುಟವನ್ನು ಎರಡು ಬಗೆಯಾಗಿ ಅಳೆಯುವುದೂ ನಿಜ. ಹೆಸರುಗಳು ಹೇಗಿದ್ದರೂ ಜಾರುತ್ತಿದ್ದವು. ಹೆಸರಿಗೆ ಕಟ್ಟಿದ್ದರೆ ಮುಖಗಳೂ ಅವುಗಳ ಜೊತೆ ಜಾರುತ್ತಿದ್ದವು, ಅಷ್ಟೆ.

ಕರಡಿನ ಆ ವಾಕ್ಯವನ್ನು ಹೊಡೆದುಹಾಕಿ, ದೋಷ ತಂತ್ರಾಂಶದ್ದಲ್ಲ, ಕಡತ ಮಾಡಿದವರದೆಂದು ಬರೆದು ಕಳಿಸಿದೆ. ಸಂಚಿಕೆಯ ಸಂಪಾದಕ, ಮೈಸೂರಿನ ತರುಣ, ಫೋನು ಮಾಡಿದ.

“ಸರ್, ಇಷ್ಟು ವರ್ಷ ಆದ್ಮೇಲೆ ಯಾಕೆ ಇದೆಲ್ಲ? ವಸಂತರಾಯರೂ ಇಲ್ಲ. ಸಂಘದ ಹೆಸರಿಗೆ ಸುಮ್ನೆ...”

“ಸಂಘದ ಹೆಸರು ತಗೀರಿ. ಅಲ್ಲಿ ನನ್ನ ಹೆಸರು ಹಾಕ್ರಿ. ತಂತ್ರಾಂಶದ ಹೆಸರೂ ಬ್ಯಾಡ.”

“ಓದೋರಿಗೆ ಏನು ಅರ್ಥ ಆಗುತ್ತೆ ಸರ್?”

“ಒಬ್ಬಾಕಿಗೆ ಅರ್ಥ ಆಗತೈತಿ. ಮಂಗಳೂರಿನಾಕಿ. ಎಲ್ಲಿದ್ದಾಳೋ ಹುಡುಕಿ ಒಂದು ಪ್ರತಿ ಕಳಸ್ರಿ.”

ಕೌದಿಯನ್ನು ಎರಡು ದಿನ ಬಿಸಿಲಿಗೆ ಹಾಕಿದೆ. ವಾಸನೆ ಹೋಗಲಿಲ್ಲ, ಹೋಗುವುದು ಬೇಡವೆಂದೂ ಅನಿಸಿತು. ನಾಳೆ ಬೆಳಗಿನ ಬಸ್ಸಿದೆ. ಹನಮವ್ವ ಇದ್ದಾಳೋ ಇಲ್ಲವೋ ತಿಳಿಯದು. ಇದ್ದರೆ, ಬಸ್‌ ನಿಲ್ದಾಣದಲ್ಲಿ ಅವಳು ಕೇಳಿದ ಮಾತಿಗೆ ನಾನು ಕೊಡಬೇಕಿದ್ದ ಉತ್ತರವನ್ನು ಕೊಟ್ಟು, ಅದು ಆಗಲೇ ನನಗೆ ಗೊತ್ತಿತ್ತೆಂಬುದನ್ನೂ ಹೇಳಬೇಕು.

ಹೊರಡುವ ಮುನ್ನ ಕಡತವನ್ನು ಮತ್ತೊಮ್ಮೆ ತೆರೆದೆ. ಪುಟದ ಮೂಲೆಯಲ್ಲಿದ್ದ ಲಂಗರನ್ನು ಎಳೆದು ತಂದು ‘ಹನಮವ್ವನ ಗಂಡ ಮಲ್ಲಪ್ಪ’ ಎಂಬ ಸಾಲಿಗೆ ಕಟ್ಟಿದೆ. ಸರಿಯಾಯಿತೋ ಇಲ್ಲವೋ ನೋಡಬೇಕಲ್ಲ. ಅದರ ಮೇಲೆ ಖಾಲಿ ಸಾಲುಗಳನ್ನು ಸೇರಿಸುತ್ತ ಹೋದೆ. ಹೆಸರು ಒಂದೊಂದೇ ಸಾಲು ಕೆಳಗಿಳಿಯಿತು. ಬೆದರಿದಂತೆ ಕಣ್ಣು ತೆರೆದ ಆ ಮುಖವೂ ಜೊತೆಗೇ ಇಳಿಯಿತು. ಪುಟ ಮುಗಿಯಿತು. ಹೆಸರು ಮುಂದಿನ ಪುಟಕ್ಕೆ ದಾಟಿತು, ಮುಖವೂ ದಾಟಿತು. ಆ ಪುಟವನ್ನು ಮುದ್ರಿಸಿ ಕೌದಿಯ ಮಡಿಕೆಯೊಳಗೆ, ಸಿಡಿ ಇದ್ದ ಜಾಗದಲ್ಲಿ, ಇಟ್ಟೆ.